ಭಟ್ಟರ ಮೆಸ್ಸಿನ ತಾರಸಿ ಮೇಲಿನ ಆಂಟೆನಾ

ಕಳೆದ ತಿಂಗಳು ಎರಡು ದಿನದ ತರಬೇತಿಗೆಂದು ಚೆನ್ನೈಗೆ ಹೋಗಿದ್ದೆ. ಮೊದಲನೇ ದಿನ ಸಂಜೆ ಗಿಂಡಿ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ರಸ್ತೆಗೆ ಬರುವಷ್ಟರಲ್ಲಿ ಮಳೆ ಹೊಯ್ದು ನಿಂತಿತ್ತು. ಕಾದ ಡಾಂಬರಿನ ಮೇಲೆ ಬಿದ್ದ ನೀರು, ಉಕ್ಕಿದ ಚರಂಡಿ, ಹೂವಾಡಗಿತ್ತಿಯ ಬುಟ್ಟಿಯ ಮಲ್ಲಿಗೆ, ಯಾವುದೋ ಅಂಗಡಿಯ ಕಾಫಿ ಡಿಕಾಕ್ಷನ್, ಎಲ್ಲ ಸೇರಿದ ಒಂದು ವಾಸನೆ. ದೀಪಾವಳಿಯ ಆಚೀಚೆ, ಅಲ್ಲಿಯವರು ಐಪ್ಪಸಿ ಎನ್ನುವ ತಿಂಗಳಲ್ಲಿ, ಆ ಊರು ಹೀಗೇ ನಾರುತ್ತದೆ, ಹೀಗೇ ಘಮಘಮಿಸುತ್ತದೆ. ಜೊತೆಗಿದ್ದವರು ಊಟಕ್ಕೆ ಎಲ್ಲಿಗೆ ಹೋಗೋಣ ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಮಾತ್ರ ಆರು ವರ್ಷ ಹಿಂದೆ, ಅದೇ ಊರಿನ ತ್ರಿಪ್ಲಿಕೇನ್ ಬಡಾವಣೆಯ ಒಂದು ಗಲ್ಲಿಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ.

ನನ್ನದು ಗಾಳಿಯಲ್ಲಿ ಹೋಗುವ ಮಾತನ್ನು ಕಾಯುವ ಕೆಲಸ. ಪೊಲೀಸರ ವಾಕಿಟಾಕಿ, ವಿಮಾನ, ಹಡಗು, ಉಪಗ್ರಹ, ಮೊಬೈಲು, ಒಬ್ಬೊಬ್ಬರಿಗೂ ಇಂತಿಷ್ಟು ರೇಡಿಯೋ ತರಂಗ ಎಂದು ಸರ್ಕಾರ ಹಂಚಿಕೊಟ್ಟಿರುತ್ತದೆ, ಹೊಲಕ್ಕೆ ಬದು ಹಾಕಿಕೊಟ್ಟ ಹಾಗೆ. ಒಬ್ಬರ ಪಾಲಿನೊಳಗೆ ಇನ್ನೊಬ್ಬರು ನುಗ್ಗಿದರೆ ಮಾತು ಕೆಡುತ್ತದೆ. ನುಗ್ಗಿದವರು ಯಾರು, ಎಲ್ಲಿಂದ ಎಂದು ಹುಡುಕಿ ನಿಲ್ಲಿಸುವುದು ನಮ್ಮ ಕಚೇರಿಯ ಹೊಣೆ. ಬಹುಪಾಲು ದಿನ ಒಂದು ತಣ್ಣಗಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪರದೆ ನೋಡುತ್ತ ಕೂರುವುದು. ದೂರು ಬಂದರೆ, ತಲೆಯ ಮೇಲೆ ಆಂಟೆನಾ ಹೊತ್ತ ವ್ಯಾನಿನಲ್ಲಿ ಊರು ಸುತ್ತುವುದು.

ಆ ವರ್ಷ ಜುಲೈನಲ್ಲಿ ನನ್ನನ್ನು ಚೆನ್ನೈಗೆ ಹಾಕಿದರು. ನನಗೆ ನಲವತ್ಮೂರು, ಮದುವೆಯಾಗಿರಲಿಲ್ಲ. ಮಾರ್ಚಿನಲ್ಲಿ ದಾವಣಗೆರೆಯಲ್ಲಿ ಅವ್ವ ತೀರಿಕೊಂಡಿದ್ದಳು. ಎಲ್ಲೇ ಇರಲಿ, ಸಂಜೆ ಏಳೂವರೆಗೆ ಅವಳಿಗೆ ಫೋನ್ ಮಾಡುವುದು ಇಪ್ಪತ್ತು ವರ್ಷದ ರೂಢಿ. ಹೊಸ ಊರಿಗೆ ಬಂದ ಮೇಲೂ ಏಳೂವರೆ ಆದೊಡನೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಹೋದ ಕೈಗೆ ಏನು ಕೆಲಸ ಕೊಡಬೇಕೋ ತಿಳಿಯದೆ ಹವಾಮಾನ ನೋಡುತ್ತಿದ್ದೆ. ತ್ರಿಪ್ಲಿಕೇನಿನ ಹೆಂಗಸರ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆ. ಅಲ್ಲಿದ್ದವರೆಲ್ಲ ಇಪ್ಪತ್ತರ ಹರೆಯದವರು, ನನ್ನನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ನನ್ನ ತಮಿಳು ಆಟೋದವರಿಗೆ ದಾರಿ ಹೇಳುವಷ್ಟೇ ಇತ್ತು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನೂರಾರು ಜನರ ದನಿ ಕಿವಿಯೊಳಗೆ ಹಾದುಹೋಗಿರುತ್ತಿತ್ತು. ನಾನು ಬಾಯಿಬಿಟ್ಟು ಆಡಿದ ಮಾತು ಲೆಕ್ಕ ಹಾಕಿದರೆ ಹತ್ತು ದಾಟುತ್ತಿರಲಿಲ್ಲ.

ಆಗಸ್ಟಿನಲ್ಲಿ ಒಂದು ಭಾನುವಾರ, ಹಾಸ್ಟೆಲ್ಲಿನ ಹಿಂದಿನ ಗಲ್ಲಿಯಲ್ಲಿ ನಡೆಯುತ್ತಿದ್ದೆ. "ಸಾರಿಗೆ ಉಪ್ಪು ಹಾಕಿದ್ರಾ ಇಲ್ವಾ, ಎಂತ ಮಾರಾಯ್ರೆ ನೀವು," ಎಂದು ಒಬ್ಬ ಹೆಂಗಸಿನ ದನಿ ಕೇಳಿಸಿತು. ಕಾಲು ನಿಂತುಬಿಟ್ಟಿತು. ಹಳೇ ಕಲ್ಲುಗೋಡೆಯ ಮನೆ. ರಸ್ತೆಯನ್ನು ಎತ್ತರಿಸುತ್ತ ಎತ್ತರಿಸುತ್ತ ಹೋಗಿ ಮನೆ ತಗ್ಗಿಗೆ ಬಿದ್ದಿತ್ತು. ಮೂರು ಮೆಟ್ಟಿಲು ಇಳಿದೇ ಒಳಗೆ ಹೋಗಬೇಕು. ಒಳಗೆ ಆರು ಮೇಜು, ಬಾಳೆಲೆ. ವಾಸುದೇವ ಭಟ್ಟರೂ ಅವರ ಹೆಂಡತಿ ಸರೋಜಮ್ಮನೂ ಮೂವತ್ತು ವರ್ಷದಿಂದ ನಡೆಸುತ್ತಿದ್ದ ಮೆಸ್ಸು. ಊರು ಬ್ರಹ್ಮಾವರದ ಹತ್ತಿರ. ಮಕ್ಕಳಿಲ್ಲ. ನಾನು ಕನ್ನಡದಲ್ಲಿ "ಊಟ ಸಿಗುತ್ತೇನ್ರೀ?" ಅಂದೆ. ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"'ರೀ' ಅಂದ್ರಲ್ಲ, ಬಯಲುಸೀಮೆಯವರು ನೀವು! ಸರೋಜ, ಇಲ್ಲಿ ಬಾ, ನಮ್ಮವರು ಬಂದಿದ್ದಾರೆ!"

ಅಂದಿನಿಂದ ಎರಡು ಹೊತ್ತಿನ ಊಟ ಅಲ್ಲೇ. ಸರೋಜಮ್ಮ ಕೃಶವಾದ ಹೆಂಗಸು. ಎಡಗೈಯ ಮೇಲೆ ಊದಿದ ನರಗಳು ಹಗ್ಗದ ಹಾಗೆ ಎದ್ದು ಕಾಣುತ್ತಿದ್ದವು. ಎರಡೂ ಕಿಡ್ನಿ ಹೋಗಿ, ವಾರಕ್ಕೆ ಮೂರು ದಿನ ಡಯಾಲಿಸಿಸ್. ಯಾರಾದರೂ ಸತ್ತವರ ಕಿಡ್ನಿ ಸಿಕ್ಕರೆ ಹಾಕಲು ಆಸ್ಪತ್ರೆಯ ಪಟ್ಟಿಯಲ್ಲಿ ಹೆಸರಿದೆ ಎಂದು ಒಮ್ಮೆ ಅವರೇ ಹೇಳಿದ್ದರು, ರೇಷನ್ ಕಾರ್ಡಿಗೆ ಅರ್ಜಿ ಹಾಕಿದ್ದನ್ನು ಹೇಳುವ ಹಾಗೆ. ಡಯಾಲಿಸಿಸ್ ಇಲ್ಲದ ದಿನ ನನ್ನೆದುರು ಬಂದು ಕೂರುವರು. ಮೂರನೇ ವಾರಕ್ಕೆ 'ನೀವು' ಹೋಗಿ 'ನೀನು' ಆಯಿತು. "ಎಂತ ಗಿರಿಜಾ, ಇಷ್ಟೇ ಊಟವಾ? ಮಜ್ಜಿಗೆಗೆ ಇನ್ನೊಂಚೂರು ಅನ್ನ ಹಾಕಿಸಿಕೋ." ನಾನು ಅವ್ವನ ಸುದ್ದಿ ಹೇಳಿದ್ದು ಆ ಊರಿನಲ್ಲಿ ಅವರೊಬ್ಬರಿಗೇ. ಅವರು ಸಮಾಧಾನ ಹೇಳಲಿಲ್ಲ. "ಅವರು ಎಂತ ಅಡಿಗೆ ಮಾಡ್ತಿದ್ರು?" ಎಂದು ಕೇಳಿದರು. ಒಂದು ಗಂಟೆ ಮಾತಾಡಿದೆ.

ಅಕ್ಟೋಬರಿನ ಕೊನೆಗೆ ಮಳೆ ಹಿಡಿಯಿತು. ಅದೇ ವಾರ ದೂರೂ ಬಂತು. ಮೊಬೈಲ್ ಕಂಪನಿಯೊಂದರ ಎಂಜಿನಿಯರು ಕಚೇರಿಗೆ ಬಂದು, ತ್ರಿಪ್ಲಿಕೇನಿನ ಮೂರು ಟವರುಗಳು ಕಿವುಡಾಗಿವೆ ಎಂದ. ಟವರಿನ ಮಾತು ಫೋನುಗಳಿಗೆ ಕೇಳುತ್ತದೆ, ಫೋನುಗಳ ಮಾತು ಟವರಿಗೆ ಕೇಳುವುದಿಲ್ಲ. ಏನೋ ಒಂದು ಸದ್ದು ದಿನವಿಡೀ ಅದರ ಕಿವಿಯಲ್ಲಿ ಮೊರೆಯುತ್ತಿದೆ. ಜನರ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಕಾಣುತ್ತವೆ, ಕರೆ ಮಾತ್ರ ಹೋಗುವುದಿಲ್ಲ, ಹೋದರೂ ಮಧ್ಯದಲ್ಲಿ ಕಡಿದುಬೀಳುತ್ತದೆ.

ನಾನೂ ಡ್ರೈವರ್ ಮುರುಗೇಸನ್ನೂ ವ್ಯಾನು ತೆಗೆದುಕೊಂಡು ಹೊರಟೆವು. ಮುರುಗೇಸನ್ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ, ಮಾತು ಕಡಿಮೆ. ಬಯಲಿನಲ್ಲಾದರೆ ಸದ್ದಿನ ದಿಕ್ಕು ಹಿಡಿಯುವುದು ಸುಲಭ. ತ್ರಿಪ್ಲಿಕೇನಿನ ಗಲ್ಲಿಗಳಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ನಾಲ್ಕು ದಿಕ್ಕಿನಿಂದಲೂ ಬರುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುರುಗೇಸನ್ ಬ್ರೇಕು ಹಾಕಿ, "ಇಂದ ಸಂದುಲ ವಂಡಿ ಪೋಗಾದು ಮೇಡಂ," ಎನ್ನುತ್ತಿದ್ದ. ಗಾಡಿ ಹೋಗದ ಕಡೆ ನಾನು ಇಳಿದು, ಕೈಯಲ್ಲಿ ಹಿಡಿಯುವ ಆಂಟೆನಾ ಮತ್ತು ಚಿಕ್ಕ ರಿಸೀವರ್ ಹೊತ್ತು, ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ನಡೆಯುತ್ತಿದ್ದೆ. ನಾಲ್ಕು ದಿನ ನಡೆದೆ. ಸಿಗಲಿಲ್ಲ.

ಭಟ್ಟರ ಮೆಸ್ಸಿನ ಎದುರಿಗೆ ಹಮೀದ್ ಭಾಯಿಯ ಬೈಂಡಿಂಗ್ ಅಂಗಡಿ. ಅವರು ದಿನಾ ಮೆಸ್ಸಿಗೆ ಬಂದು ಕಾಫಿ ಕುಡಿಯುವವರು, ಭಟ್ಟರ ಹಳೇ ಸ್ನೇಹಿತರು. ನಾನು ಆಂಟೆನಾ ಹಿಡಿದು ನಿಂತದ್ದನ್ನು ನೋಡಿ ಅಂಗಡಿಯೊಳಗೆ ಕರೆದರು. ಅವರ ಉರ್ದು ನಮ್ಮ ದಾವಣಗೆರೆಯ ಉರ್ದುವಿಗೆ ತೀರ ದೂರವಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಅವರ ಅಣ್ಣ ಕುಳಿತಿದ್ದರು, ಎಡಗೈಯಲ್ಲಿ ನಿಧಾನವಾಗಿ ಕಾಗದ ಮಡಿಸುತ್ತ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಸೆಪ್ಟೆಂಬರಿನಲ್ಲಿ ಅಣ್ಣ ಇಲ್ಲೇ ಕುಸಿದರು. ಆಂಬುಲೆನ್ಸಿಗೆ ಫೋನ್ ಮಾಡಿದೆ, ಮಾಡಿದೆ, ಮಾಡುತ್ತಲೇ ಇದ್ದೆ. ಹೋಗಲೇ ಇಲ್ಲ. ಅಕ್ಕಪಕ್ಕದವರ ಫೋನೂ ಹಾಗೇ. ಆಮೇಲೆ ಭಟ್ಟರು ಓಡಿಹೋಗಿ ಆಟೋ ತಂದರು. ಇನ್ನೊಂದು ಗಂಟೆ ಮೊದಲು ಬಂದಿದ್ದರೆ ಕೈ ಉಳಿಯುತ್ತಿತ್ತು ಅಂದರು ಡಾಕ್ಟರು," ಎಂದು ಹೇಳಿ, ನನ್ನ ಕೈಯಲ್ಲಿದ್ದ ಆಂಟೆನಾ ನೋಡಿದರು. "ಹುಡುಕಿ ಮೇಡಂ. ಯಾವನು ಅಂತ ಹುಡುಕಿ."

ಮರುದಿನ ಮಧ್ಯಾಹ್ನ ಮೆಸ್ಸಿನಲ್ಲಿ ಊಟಕ್ಕೆ ಕುಳಿತಿದ್ದೆ. ಹೊರಗೆ ಮಳೆ. ಸರೋಜಮ್ಮ ಎದುರು ಕೂತು ಬೀನ್ಸ್ ಬಿಡಿಸುತ್ತಿದ್ದರು. ಕರೆಂಟು ಹೋಯಿತು. ಕತ್ತಲಲ್ಲಿ ನನ್ನ ಫೋನಿನ ಬೆಳಕಷ್ಟೇ ಉಳಿಯಿತು. ಅದರ ಮೇಲೆ ಕಣ್ಣು ಹೋಯಿತು. ಕ್ಷಣದ ಹಿಂದೆ ಪೂರ್ತಿಯಿದ್ದ ಸಿಗ್ನಲ್ ಕಡ್ಡಿಗಳಲ್ಲಿ ಒಂದೂ ಇರಲಿಲ್ಲ.

ಹಾಸ್ಟೆಲ್ಲಿನ ಮೂರನೇ ಮಹಡಿಯಲ್ಲೂ ಸರಿಯಾಗಿ ಸಿಗದ ಸಿಗ್ನಲ್, ನೆಲಕ್ಕಿಂತ ಮೂರು ಮೆಟ್ಟಿಲು ಕೆಳಗೆ, ಈ ದಪ್ಪ ಗೋಡೆಗಳ ನಡುವೆ ಅಷ್ಟು ಚೆನ್ನಾಗಿ ಯಾಕೆ ಸಿಗುತ್ತದೆಂದು ಎರಡು ತಿಂಗಳಲ್ಲಿ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅದೇ ನನ್ನ ಕಸುಬು. ಎಲ್ಲಾದರೂ ಸರಿ ಕೇಳಿಕೊಳ್ಳುತ್ತಿದ್ದೆ, ಇಲ್ಲಿ ಮಾತ್ರ ಕೇಳಿಕೊಂಡಿರಲಿಲ್ಲ. ಕೈ ತೊಳೆದು ಗಲ್ಲಿಯ ತುದಿಗೆ ಹೋದಾಗ ಎಂಜಿನಿಯರನ ಕರೆ ಬಂತು. "ಮೇಡಂ, ಐದು ನಿಮಿಷದಿಂದ ಸದ್ದು ನಿಂತಿದೆ. ಏನಾದರೂ ಮಾಡಿದಿರಾ?"

ಏನೂ ಮಾಡಿಲ್ಲ ಎಂದೆ. ವಾಪಸು ಬಂದು ಮಜ್ಜಿಗೆ ಅನ್ನ ಉಂಡೆ. ಸರೋಜಮ್ಮ ಮೇಣದಬತ್ತಿ ಹಚ್ಚಿದ್ದರು. ಈಗಲೇ ಹೇಳಿಬಿಡಬಹುದಿತ್ತು: ನಿಮ್ಮಲ್ಲಿ ಸಿಗ್ನಲ್ ಹೆಚ್ಚಿಸುವ ಒಂದು ಪೆಟ್ಟಿಗೆ ಇದೆಯಲ್ಲ, ಸದ್ದಿಲ್ಲದೆ ತೆಗೆದುಬಿಡಿ. ಆದರೆ ಫೈಲು ತೆರೆದಾಗಿತ್ತು, ಸದ್ದು ನಿಂತ ಹೊತ್ತು ಎಂಜಿನಿಯರನಿಗೆ ತಿಳಿದಿತ್ತು, ಎದುರಿನ ಅಂಗಡಿಯಲ್ಲಿ ಒಬ್ಬ ಮನುಷ್ಯ ಎಡಗೈಯಲ್ಲಿ ಕಾಗದ ಮಡಿಸುತ್ತಿದ್ದ. ನಾನು ಬಾಯಿ ತೆರೆಯಲಿಲ್ಲ. ತೆರೆಯದೆ ಇದ್ದುದಕ್ಕೆ ನಿಯಮ ಒಂದೇ ಕಾರಣವೋ, ಹೇಳಿದ ಮೇಲೆ ಅವರ ಮುಖ ನೋಡುವ ಧೈರ್ಯ ಇರಲಿಲ್ಲವೋ, ಇವತ್ತಿಗೂ ಹೇಳಲಾರೆ.

ಮರುದಿನ ಬೆಳಿಗ್ಗೆ ಏಳಕ್ಕೆ ಮುರುಗೇಸನ್ ಮತ್ತು ಎಂಜಿನಿಯರನ ಜೊತೆ ಹೋದೆ. ಭಟ್ಟರು ನಗುತ್ತ ಎದ್ದರು. "ಇಷ್ಟು ಬೇಗ ಬಂದ್ರಾ ಗಿರಿಜಮ್ಮ? ಇಡ್ಲಿ ಇನ್ನೂ ಆಗ್ಲಿಲ್ಲ."

"ಭಟ್ರೇ, ಡ್ಯೂಟಿ ಮೇಲೆ ಬಂದೀನ್ರೀ. ತಾರಸಿ ಮೇಲೆ ಹೋಗಬೇಕು."

ತಾರಸಿಯಲ್ಲಿ, ಬಟ್ಟೆ ಒಣಹಾಕುವ ಕಂಬಕ್ಕೆ ಮೀನಿನ ಮುಳ್ಳಿನಂಥ ಒಂದು ಆಂಟೆನಾ ಕಟ್ಟಿತ್ತು. ಅದರ ತಂತಿ ಗೋಡೆಗುಂಟ ಇಳಿದು ಅಡುಗೆಮನೆಯ ಅಟ್ಟಕ್ಕೆ ಹೋಗಿತ್ತು. ಅಟ್ಟದ ಮೇಲೆ ಉಪ್ಪಿನಕಾಯಿ ಭರಣಿಗಳ ಹಿಂದೆ, ಒಂದು ಪುಸ್ತಕದಷ್ಟು ದೊಡ್ಡ ಲೋಹದ ಪೆಟ್ಟಿಗೆ. ಸಿಗ್ನಲ್ ಹೆಚ್ಚಿಸುವ ಬೂಸ್ಟರ್. ಹೊರಗಿನ ಸಿಗ್ನಲ್ ಹಿಡಿದು ಒಳಗೆ ಕೊಡುವುದು, ಒಳಗಿನದನ್ನು ಹೊರಗೆ ಕಳಿಸುವುದು ಅದರ ಕೆಲಸ. ಪರವಾನಗಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ಸರಿಯಾಗಿ ಕೂರಿಸದಿದ್ದರೆ ತನ್ನ ದನಿಯನ್ನೇ ತಾನು ಕೇಳಿಸಿಕೊಂಡು ಕಿರುಚತೊಡಗುತ್ತದೆ, ಮೈಕನ್ನು ಸ್ಪೀಕರಿನ ಹತ್ತಿರ ಹಿಡಿದಾಗ ಆಗುವಂತೆ. ಕಿವಿಗೆ ಕೇಳದ ಕಿರುಚಾಟ. ಇದು ಕಿರುಚುತ್ತಿತ್ತು. ನಾನು ಸ್ವಿಚ್ ಆರಿಸಿದೆ. ಬಾಗಿಲಿಗೆ ಬಂದು ನೋಡಿದರೆ, ಗಲ್ಲಿಯ ತುದಿಯಲ್ಲಿ ನಿಂತಿದ್ದ ಎಂಜಿನಿಯರ್ ಕೈಯೆತ್ತಿ ತೋರಿಸಿದ. ನಿಂತಿತು.

"ಅದನ್ನು ತೆಗೀಬೇಡ ಗಿರಿಜಾ," ಎಂದರು ಸರೋಜಮ್ಮ. ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದರು. "ಏಪ್ರಿಲಲ್ಲಿ ಆಸ್ಪತ್ರೆಯಿಂದ ಕರೆ ಬಂದಿತ್ತು. ಕಿಡ್ನಿ ಉಂಟು, ಬನ್ನಿ ಅಂತ. ಇಲ್ಲಿ ಸಿಗ್ನಲ್ ಇರ್ಲಿಲ್ಲ. ನಮಗೆ ಗೊತ್ತಾದದ್ದು ಸಂಜೆಗೆ. ಅಷ್ಟೊತ್ತಿಗೆ ಮುಂದಿನವರಿಗೆ ಹೋಯ್ತು."

ಭಟ್ಟರು ಹೇಳಿದರು, "ಅಂಗಡಿಯವ ಎಲ್ಲರೂ ಹಾಕಿಸ್ತಾರೆ ಅಂದ. ತಪ್ಪು ಅಂತ ಗೊತ್ತಿರ್ಲಿಲ್ಲ ಮಾರಾಯ್ರೆ. ನೀವು ನಮ್ಮವರಲ್ವಾ? ಒಂದು ಮಾತು ಮೊದಲೇ ಹೇಳ್ಬಹುದಿತ್ತಲ್ಲ."

ಪೆಟ್ಟಿಗೆಗೆ ಚೀಟಿ ಕಟ್ಟಿ, ಮಹಜರು ಬರೆದು, ಭಟ್ಟರ ಸಹಿ ಹಾಕಿಸಿಕೊಂಡೆ. ಅವರು ಕನ್ನಡದಲ್ಲಿ ಸಹಿ ಹಾಕಿದರು. ಮುರುಗೇಸನ್ ತಾರಸಿಯಿಂದ ಆಂಟೆನಾ ಬಿಚ್ಚಿಕೊಂಡು ಇಳಿದ. ಎದುರಿನ ಅಂಗಡಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಅದು ನನ್ನ ಪುಣ್ಯವೋ ಅವರದೋ. ಗೊತ್ತಿಲ್ಲದೆ ಮಾಡಿದ್ದೆಂದು ವರದಿಯಲ್ಲಿ ಬರೆದೆ. ಎಚ್ಚರಿಕೆ ಪತ್ರದಲ್ಲೇ ಮುಗಿಯಿತು.

ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಹೋಗುವುದು? ಬಹಳ ಹೊತ್ತು ಯೋಚಿಸಿ ಅಲ್ಲಿಗೇ ಹೋದೆ. ಭಟ್ಟರು ತಲೆಯೆತ್ತಿ, "ವಾಂಗ ಮೇಡಂ, ಉಕ್ಕಾರುಂಗ," ಎಂದರು. ಬನ್ನಿ ಮೇಡಂ, ಕುಳಿತುಕೊಳ್ಳಿ. ತಮಿಳಿನಲ್ಲಿ, ಹೊಸ ಗಿರಾಕಿಗೆ ಹೇಳುವ ಮರ್ಯಾದೆಯಲ್ಲಿ. ಎಲೆ ಹಾಕಿದರು, ಬಡಿಸಿದರು, ಒಂದೂ ಪದಾರ್ಥ ಕಡಿಮೆ ಮಾಡಲಿಲ್ಲ. ಬೈದಿದ್ದರೆ ಕನ್ನಡದಲ್ಲಿ ಬೈಯುತ್ತಿದ್ದರಲ್ಲ ಎನಿಸಿತು. ಸರೋಜಮ್ಮ ಒಳಗಿನಿಂದ ಬರಲಿಲ್ಲ.

ಆ ಮೂರು ವಾರ ಹೇಗೆ ಕಳೆದವೋ. ಬೆಳಿಗ್ಗೆ ಎದ್ದರೆ ಮಳೆ, ಸಂಜೆ ಬಂದರೆ ಮಳೆ, ಸೀರೆ ಒಣಗುವುದಿಲ್ಲ, ಗೋಡೆಗೆ ಬೂಸಲು. ಕಾಸಿಮೇಡು ಬಂದರಿನ ಮೀನುಗಾರರ ದೋಣಿಗಳಲ್ಲಿ ರೇಡಿಯೋ ಸೆಟ್ಟುಗಳು ಒಂದರ ಮೇಲೊಂದು ಮಾತಾಡಿ ಅಪಾಯದ ಕರೆಗೆಂದು ಬಿಟ್ಟ ಚಾನೆಲ್ಲಿಗೆ ತೊಂದರೆಯಾಗುತ್ತಿದೆ ಎಂದು ಹೊಸ ದೂರು ಬಂದಿತ್ತು. ದಿನವೂ ಅಲ್ಲಿಗೆ ಹೋಗಿ ದೋಣಿಯಿಂದ ದೋಣಿಗೆ ಹತ್ತಿ ಸೆಟ್ಟು ಪರೀಕ್ಷೆ ಮಾಡುತ್ತಿದ್ದೆ. ವಾಪಸು ಬರುವಾಗ ಗಲ್ಲಿಯ ತುದಿಯಲ್ಲಿ, ಮೆಸ್ಸು ಮುಚ್ಚಿದ ಹೊತ್ತಿನಲ್ಲಿ, ಭಟ್ಟರು ಕೊಡೆ ಹಿಡಿದು ಒಬ್ಬರೇ ನಿಂತಿರುವುದು ಕಾಣುತ್ತಿತ್ತು. ಇನ್ನೊಂದು ಕೈಯಲ್ಲಿ ಫೋನು. ಸಿಗ್ನಲ್ ಸಿಗುವ ಜಾಗ ಅದು. ಗಿರಾಕಿಗಳಿರುವ ಹೊತ್ತಿನಲ್ಲಿ ಫೋನನ್ನು ಬಾಗಿಲ ಚೌಕಟ್ಟಿನ ಮೊಳೆಗೆ ಪ್ಲಾಸ್ಟಿಕ್ ಚೀಲದಲ್ಲಿ ತೂಗುಹಾಕುತ್ತಿದ್ದರು. ಅಲ್ಲಿ ಒಂದು ಕಡ್ಡಿ ಬರುತ್ತಿತ್ತು, ಹೋಗುತ್ತಿತ್ತು.

ಮೂರನೇ ದಿನವೇ ನಾನು ಅವರಿಗಾಗಿ ಲ್ಯಾಂಡ್‌ಲೈನಿಗೆ ಅರ್ಜಿ ತುಂಬಿ ಕೊಟ್ಟಿದ್ದೆ. ಕೇಬಲ್ಲಿನ ಗುಂಡಿಗಳಲ್ಲಿ ಮಳೆನೀರು ತುಂಬಿದೆ, ಇಳಿಯಲಿ ಎಂದರು. "ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಎರಡನೇ ನಂಬರು ಅಂತ ನನ್ನದು ಬರೆಸಿ," ಎಂದೆ. ಭಟ್ಟರು ತಟ್ಟೆ ಒರೆಸುತ್ತ, "ಪರವಾಯಿಲ್ಲೆ ಮೇಡಂ," ಎಂದರು. ಪರವಾಗಿಲ್ಲ, ಬೇಡ. ನಾನು ಒಂದು ಚೀಟಿಯಲ್ಲಿ ನಂಬರು ಬರೆದು ಮೇಜಿನ ಮೇಲಿಟ್ಟು ಬಂದೆ. ಅದನ್ನು ತೆಗೆದುಕೊಂಡರೋ ಇಲ್ಲವೋ ತಿಳಿಯಲಿಲ್ಲ.

ನವೆಂಬರಿನ ಕೊನೆಯಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ದೋಣಿಗಳನ್ನೆಲ್ಲ ವಾಪಸು ಕರೆಸಿದ್ದರು. ಬೆಳಿಗ್ಗೆ ಹತ್ತು ಗಂಟೆ. ಕಾಸಿಮೇಡಿನಲ್ಲಿ ಒಂದು ದೋಣಿಯ ಮೇಲೆ ಮಂಡಿಯೂರಿ ಸೆಟ್ಟಿನ ಮುಚ್ಚಳ ಬಿಚ್ಚುತ್ತಿದ್ದಾಗ ಫೋನ್ ಬಂತು. ಒಬ್ಬ ಹೆಂಗಸು, ಇಂಗ್ಲಿಷಿನಲ್ಲಿ.

"ಸರೋಜಾ ಅವರ ಕಡೆಯವರಾ? ಮೊದಲ ನಂಬರ್ ಸಿಗುತ್ತಿಲ್ಲ. ಒಂದು ಕಿಡ್ನಿ ಇದೆ. ಇಬ್ಬರನ್ನು ಕರೆಯುತ್ತಿದ್ದೇವೆ, ರಕ್ತ ಹೊಂದಿದವರಿಗೆ ಹಾಕುತ್ತೇವೆ. ಬರುತ್ತಾರೋ ಇಲ್ಲವೋ ಈಗಲೇ ಹೇಳಬೇಕು."

"ಬರುತ್ತಾರೆ," ಎಂದೆ. ನಾನು ಯಾರು ಹಾಗೆ ಹೇಳಲು? ಆದರೂ ಹೇಳಿದೆ. "ಬರುತ್ತಾರೆ. ಬೇರೆಯವರಿಗೆ ಹೇಳಬೇಡಿ."

"ಊಟ ತಿಂಡಿ ಏನೂ ಕೊಡಬೇಡಿ. ಒಂದು ಗಂಟೆಯೊಳಗೆ ಇಲ್ಲಿರಬೇಕು."

ದೋಣಿಯಿಂದ ಹಾರಿ, ಮೀನಿನ ಬುಟ್ಟಿಗಳ ನಡುವೆ ಓಡಿದೆ. ಮುರುಗೇಸನ್ನಿಗೆ ನನ್ನ ಅರೆಬರೆ ತಮಿಳಿನಲ್ಲಿ ಹೇಳಿದಾಗ ಅವನು ಒಂದೂ ಪ್ರಶ್ನೆ ಕೇಳಲಿಲ್ಲ. "ಏರುಂಗ," ಎಂದು ಬಾಗಿಲು ತೆಗೆದ. ಸರ್ಕಾರಿ ಗಾಡಿ, ಖಾಸಗಿ ಕೆಲಸ. ಅಂದಿನ ಲಾಗ್‌ಬುಕ್ಕಿನಲ್ಲಿ ಅವನು ಏನು ಬರೆದನೋ ನಾನು ನೋಡಲಿಲ್ಲ. ಬೀಚ್ ರಸ್ತೆಯಲ್ಲಿ ಕಡಲಿನ ಕಡೆಯಿಂದ ಗಾಳಿ ವ್ಯಾನನ್ನು ತಳ್ಳುತ್ತಿತ್ತು. ದಾರಿಯುದ್ದಕ್ಕೂ ಭಟ್ಟರ ನಂಬರು ಒತ್ತಿದೆ. 'ಸಂಪರ್ಕದಲ್ಲಿಲ್ಲ' ಎಂದು ಅದೇ ದನಿ, ತಮಿಳಿನಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ತ್ರಿಪ್ಲಿಕೇನ್ ಮುಟ್ಟುವ ಹೊತ್ತಿಗೆ ಗಲ್ಲಿಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಇಳಿದು ನಡೆದೆ. ಮೆಸ್ಸಿನ ಮೂರು ಮೆಟ್ಟಿಲೂ ಮುಳುಗಿದ್ದವು. ಭಟ್ಟರು ಒಳಗೆ ಪಂಚೆ ಎತ್ತಿಕಟ್ಟಿ ಬಕೆಟ್ಟಿನಲ್ಲಿ ನೀರು ಎತ್ತಿ ಚೆಲ್ಲುತ್ತಿದ್ದರು. ಬಾಗಿಲ ಮೊಳೆಗೆ ಫೋನು ತೂಗುತ್ತಿತ್ತು, ಒಂದೂ ಕಡ್ಡಿ ಇಲ್ಲದೆ.

"ಭಟ್ರೇ, ಆಸ್ಪತ್ರೆಯಿಂದ ಕರೆ ಬಂದೈತಿ. ಹೊರಡ್ರಿ!"

ಅವರು ಬಕೆಟ್ಟನ್ನು ಹಾಗೇ ಹಿಡಿದು ನಿಂತರು. ಸರೋಜಮ್ಮ ಮೇಜಿನ ಮೇಲೆ ಕಾಲು ಮಡಿಸಿ ಕೂತಿದ್ದರು, ಕೈಯಲ್ಲಿ ಅವಲಕ್ಕಿಯ ತಟ್ಟೆ. ನಾನು ಹೋಗಿ ತಟ್ಟೆ ಕಿತ್ತುಕೊಂಡೆ. "ತಿಂದ್ರಾ?"

"ಇಲ್ಲ, ಈಗ ಕೂತದ್ದಷ್ಟೆ," ಎಂದರು. ಭಟ್ಟರು ಒಂದು ಕಡೆ, ನಾನೊಂದು ಕಡೆ ಹಿಡಿದು ಅವರನ್ನು ನೀರು ದಾಟಿಸಿದೆವು. ಅಂಗಡಿಯ ಕಟ್ಟೆ ಮೇಲೆ ನಿಂತಿದ್ದ ಹಮೀದ್ ಭಾಯಿ ಇಳಿದು ಬಂದು ಮುಂದೆ ಮುಂದೆ ನಡೆದರು, ಕಾಲಿನಿಂದ ನೆಲ ಮುಟ್ಟಿ ನೋಡುತ್ತ, ಗುಂಡಿ ಎಲ್ಲಿದೆಯೆಂದು ತೋರಿಸುತ್ತ.

ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ ಮುಟ್ಟಿದೆವು. ರಕ್ತ ತೆಗೆದುಕೊಂಡರು. ಕೂರಿಸಿದರು. ಎದುರಿನ ಬೆಂಚಿನಲ್ಲಿ ಇನ್ನೊಂದು ಸಂಸಾರ, ಅವರೂ ನಮ್ಮ ಹಾಗೇ ಒದ್ದೆ ಬಟ್ಟೆಯಲ್ಲಿ. ಅವರು ನಮ್ಮನ್ನು ನೋಡುವುದಿಲ್ಲ, ನಾವು ಅವರನ್ನು ನೋಡುವುದಿಲ್ಲ. ಸಂಜೆ ನಾಲ್ಕಕ್ಕೆ ಡಾಕ್ಟರು ಬಂದು ಎದುರು ಬೆಂಚಿನವರ ಹೆಸರು ಕರೆದರು.

"ಹಸಿವಾಗ್ತಾ ಉಂಟು," ಎಂದರು ಸರೋಜಮ್ಮ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮೂವರೂ ಇಡ್ಲಿ ತಿಂದೆವು. ಭಟ್ಟರು ಸಾಂಬಾರು ಬಾಯಿಗಿಟ್ಟು, "ಇದಕ್ಕೆ ಸಾಂಬಾರು ಅಂತಾರಾ? ಬೇಳೆಗೆ ಬೇಸರ ಬರ್ಬೇಕು," ಎಂದರು. ಕನ್ನಡದಲ್ಲಿ. ನಾನು ತಲೆ ಬಗ್ಗಿಸಿಕೊಂಡು ತಿಂದೆ, ಕಣ್ಣು ಕಾಣಬಾರದೆಂದು. ಸರೋಜಮ್ಮ ಕೈ ತೊಳೆಯಲು ಹೋದಾಗ ಭಟ್ಟರು ದನಿ ತಗ್ಗಿಸಿದರು.

"ಗಿರಿಜಮ್ಮ, ಒಂದು ಕೇಳ್ತೇನೆ, ಸತ್ಯ ಹೇಳಿ. ಹಮೀದ್ ಭಾಯಿಯ ಅಣ್ಣನಿಗೆ ಆ ದಿನ ಫೋನ್ ಹೋಗದೆ ಇದ್ದದ್ದು ನಮ್ಮ ಪೆಟ್ಟಿಗೆಯಿಂದಲಾ?"

"ಸಾಬೀತು ಮಾಡಾಕ ಬರಂಗಿಲ್ಲ ಭಟ್ರೇ."

"ಸಾಬೀತು ಬೇಡ. ನಿಮಗೆ ಏನನ್ನಿಸ್ತದೆ?"

"ಅದರಿಂದಲೇ ಅನ್ನಿಸ್ತೈತಿ."

ಅವರು ಲೋಟ ಕೆಳಗಿಟ್ಟರು. "ನನಗೂ ಹಾಗೇ ಅನ್ನಿಸಿತ್ತು. ನೀವು ಅದನ್ನು ತೆಗ್ದ ದಿನದಿಂದ. ನಿಮ್ಮ ಮುಖ ನೋಡಿದ್ರೆ ಅದೇ ನೆನಪಾಗ್ತಿತ್ತು. ಅದಕ್ಕೇ ಮಾತಾಡ್ಲಿಕ್ಕೆ ಆಗ್ಲಿಲ್ಲ."

ಎರಡು ದಿನ ಬಿಟ್ಟು, ನೀರು ಇಳಿದ ಮೇಲೆ, ಭಟ್ಟರು ಅಂಗಿ ಹಾಕಿಕೊಂಡು ಎದುರಿನ ಅಂಗಡಿಗೆ ಹೋದರು. ನಾನು ಮೆಸ್ಸಿನ ಬಾಗಿಲಲ್ಲಿ ನಿಂತು ನೋಡಿದೆ. ಮಾತು ಕೇಳಿಸಲಿಲ್ಲ. ಹಮೀದ್ ಭಾಯಿ ಕೈಯಲ್ಲಿದ್ದ ಸೂಜಿದಾರವನ್ನು ಕೆಳಗಿಟ್ಟರು. ಮೂಲೆಯಲ್ಲಿ ಅಣ್ಣ ಕಾಗದ ಮಡಿಸುತ್ತಲೇ ಇದ್ದರು. ಭಟ್ಟರು ವಾಪಸು ಬಂದು ಒಲೆಯ ಮುಂದೆ ಕೂತುಬಿಟ್ಟರು. "ಎಂತದೂ ಅನ್ಲಿಲ್ಲ. 'ನೀನು ಆಟೋ ತರ್ಲಿಕ್ಕೆ ಓಡಿದ್ದೆ' ಅಂದ್ರು, ಅಷ್ಟೇ. ಆಮೇಲೆ ಹೋಗು ಅಂದ್ರು."

ಹಮೀದ್ ಭಾಯಿ ಕಾಫಿಗೆ ಬರುವುದು ನಿಂತಿತು. ಭಟ್ಟರು ದಿನಾ ಹನ್ನೊಂದಕ್ಕೆ ತಾವೇ ಫ್ಲಾಸ್ಕಿನಲ್ಲಿ ಕಾಫಿ ತುಂಬಿ ಅಂಗಡಿಯ ಕಟ್ಟೆಯ ಮೇಲಿಟ್ಟು ಬರುತ್ತಿದ್ದರು. ಮಧ್ಯಾಹ್ನ ಹೋಗಿ ತರುತ್ತಿದ್ದರು, ತುಂಬಿದ್ದು ತುಂಬಿದ ಹಾಗೇ. ಡಿಸೆಂಬರ್ ಪೂರ್ತಿ ಹೀಗೇ ನಡೆಯಿತು. ಒಂದು ದಿನ ಫ್ಲಾಸ್ಕು ಹಗುರವಾಗಿ ಬಂತು. ಯಾರು ಕುಡಿದರು, ಅಣ್ಣನೋ ತಮ್ಮನೋ, ಭಟ್ಟರು ವಿಚಾರಿಸಲಿಲ್ಲ. ತಾವೇ ಕೂತು ಅದನ್ನು ತೊಳೆದರು.

ಲ್ಯಾಂಡ್‌ಲೈನ್ ಬಂತು. ಜನವರಿಯಲ್ಲಿ ನನಗೆ ಭೋಪಾಲಕ್ಕೆ ವರ್ಗವಾಯಿತು. ಹೊರಡುವ ದಿನ, ಆಸ್ಪತ್ರೆಯ ಚೀಟಿಯಿಂದ ನನ್ನ ನಂಬರು ತೆಗೆಸಿಬಿಡಿ ಎಂದೆ. "ಇರ್ಲಿ ಬಿಡು," ಎಂದರು ಸರೋಜಮ್ಮ. "ಅದು ಅಲ್ಲಿದ್ರೆ ನಿನಗೆ ಎಂತ ಭಾರ?"

ಭೋಪಾಲದ ಕಚೇರಿಯೂ ಅಂಥದೇ, ತಣ್ಣಗಿನ ಕೋಣೆ, ಪರದೆ, ಹೆಡ್‌ಫೋನು. ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಚೆನ್ನೈನ ನಂಬರಿನಿಂದ ಕರೆ ಬಂತು. ಆಸ್ಪತ್ರೆಯ ಅದೇ ಹೆಂಗಸಿನ ದನಿ. ನಾನು ಎದ್ದು ನಿಂತಿದ್ದೆ. "ಗಾಬರಿ ಬೇಡ ಮೇಡಂ. ನಿಯಮದ ಪ್ರಕಾರ ಎರಡನೇ ನಂಬರಿಗೂ ತಿಳಿಸಬೇಕು. ಅವರು ಆಗಲೇ ಬಂದಿದ್ದಾರೆ. ರಕ್ತವೂ ಹೊಂದಿದೆ. ಈಗ ಒಳಗೆ ಕರೆದುಕೊಳ್ಳುತ್ತಿದ್ದೇವೆ."

ಪಕ್ಕದ ಮೇಜಿನವರು ಹಿಂದಿಯಲ್ಲಿ ಏನಾಯಿತೆಂದು ಕೇಳಿದರು. ಹೇಳಿದೆ. "ಅವರು ನಿಮಗೆ ಏನಾಗಬೇಕು?" ಎಂದರು.

"ಏನೂ ಆಗಬೇಕಿಲ್ಲ," ಎಂದೆ. ಅದು ಸರಿಯಾದ ಉತ್ತರವಲ್ಲವೆಂದು ಗೊತ್ತಿತ್ತು. ಸರಿಯಾದುದು ಯಾವುದೆಂದು ಗೊತ್ತಿರಲಿಲ್ಲ. ಅಂದು ಏನೂ ಕೆಲಸ ಮಾಡಲಿಲ್ಲ. ಸಂಜೆ ಕೋಣೆಗೆ ಬಂದು, ಫೋನನ್ನು ಎದುರಿಗಿಟ್ಟುಕೊಂಡು ಮಂಚದ ತುದಿಯಲ್ಲಿ ಕುಳಿತೆ. ನಾನಾಗಿ ಮಾಡಲು ಧೈರ್ಯವಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಮೊಳಗಿತು.

"ಗಿರಿಜಮ್ಮ, ಇನ್ನೂ ಒಳಗೇ ಇದ್ದಾಳೆ," ಎಂದರು ಭಟ್ಟರು. ದನಿ ತೀರ ಸಣ್ಣಗಿತ್ತು. "ಒಳಗೆ ಹೋಗಿ ನಾಲ್ಕು ಗಂಟೆ ಆಯ್ತು. ಇಲ್ಲಿ ನಾನೊಬ್ಬನೇ ಕೂತಿದ್ದೇನೆ. ಎಂತ ಮಾತಾಡುದು ಗೊತ್ತಾಗುದಿಲ್ಲ. ನೀವು ಸುಮ್ಮನೆ ಲೈನಲ್ಲಿ ಇರ್ತೀರಾ?"

"ಇರ್ತೀನ್ರೀ ಭಟ್ರೇ."

ಇಬ್ಬರೂ ಮಾತಾಡಲಿಲ್ಲ. ಅವರ ಉಸಿರು ಕೇಳುತ್ತಿತ್ತು. ಯಾರದೋ ಚಪ್ಪಲಿ ಸದ್ದು, ಚಕ್ರದ ಗಾಡಿ ಹೋದದ್ದು, ದೂರದಲ್ಲಿ ತಮಿಳಿನಲ್ಲಿ ಯಾರನ್ನೋ ಕರೆದದ್ದು. ನಡುನಡುವೆ ಅವರು "ಇದ್ದೀರಾ?" ಎನ್ನುವರು, ನಾನು "ಇದ್ದೀನಿ" ಎನ್ನುವೆ. ಫೋನಿನ ಚಾರ್ಜು ಮುಗಿಯುತ್ತ ಬಂದಾಗ ಗೋಡೆಯ ಪ್ಲಗ್ಗಿಗೆ ಹಾಕಿ, ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಕೊನೆಗೆ ಅಲ್ಲೊಂದು ಬಾಗಿಲು ತೆರೆದ ಸದ್ದಾಯಿತು. ಭಟ್ಟರು ಎದ್ದದ್ದು, ಫೋನು ಅಂಗಿಗೆ ಉಜ್ಜಿದ್ದು, ಯಾರೋ ಏನೋ ಹೇಳಿದ್ದು ಕೇಳಿಸಿತು.

"ಆಯ್ತಂತೆ ಗಿರಿಜಮ್ಮ," ಎಂದರು ಭಟ್ಟರು. "ಒಳ್ಳೇದಾಯ್ತಂತೆ."